ಒಂದು ದಿನದ ಬಿಳಿ ಬಟ್ಟೆ

ಮೊಂಡಿ ಓದಿದ ನರ್ಸಿಂಗ್ ಶಾಲೆ ಟೈರ್ ಅಂಗಡಿಯ ಮೇಲಿತ್ತು. ಅವಳು ಮಾಡಿದ ತಪ್ಪು ಇಷ್ಟೇ.

ಶಾಲೆಗೆ ಮಾನ್ಯತೆ ಇತ್ತು. ಡಿಪ್ಲೊಮಾ ಪರೀಕ್ಷೆ ಎಲ್ಲ ಶಾಲೆಗೂ ಒಂದೇ ಇತ್ತು. ಪಾಸಾದ ಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ಆಗುವ ನೋಂದಣಿಯೂ ಒಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಯಲು ಹೋದಾಗ ಅವಳು ಎತ್ತಿದ ಬೆಡ್‌ಪ್ಯಾನು ಡಿಗ್ರಿಯವರಿಗೊಂದು ವಾಸನೆ, ಡಿಪ್ಲೊಮಾದವರಿಗೊಂದು ವಾಸನೆ ಅಂತ ಭೇದ ಮಾಡಿರಲಿಲ್ಲ. ಆದರೆ ಶಾಲೆಯ ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರವಿತ್ತು. ಅದು ಶುರುವಾದರೆ ಪಾಠ ಹೇಳುವ ಮೇಡಂ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಯಂತ್ರ ನಿಲ್ಲುವವರೆಗೆ ಹುಡುಗಿಯರು ಎದುರುಬದುರು ಕೂತು ಒಬ್ಬರ ನಾಡಿ ಒಬ್ಬರು ಹಿಡಿದು ಎಣಿಸುತ್ತಿದ್ದರು.

ಮೊಂಡಿ ಅನ್ನುವ ಹೆಸರು ಅಮ್ಮ ಇಟ್ಟದ್ದು. ಚಿಕ್ಕವಳಿದ್ದಾಗ ಕಹಿ ಔಷಧಿ ಕುಡಿಸಿದರೆ ಅದನ್ನು ನುಂಗದೆ, ಉಗುಳದೆ, ಕೆನ್ನೆಯಲ್ಲಿ ಇಟ್ಟುಕೊಂಡು ಸಂಜೆವರೆಗೂ ಕೂತಿದ್ದಳಂತೆ. ಅಮ್ಮ ಗಾಜಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೊರಗಡೆಯೆಲ್ಲ ಗಾಜು ಹೊದ್ದ ದೊಡ್ಡ ಕಟ್ಟಡ ಅದು. ಮೇಲಿನ ಮಹಡಿಗಳಿಂದ ರಕ್ತ, ಕೀವು, ವಾಂತಿ ಹತ್ತಿದ ಬೆಡ್‌ಶೀಟುಗಳು ಕೊಳವೆಯಲ್ಲಿ ಧೊಪ್ಪನೆ ಕೆಳಗೆ ಬೀಳುತ್ತಿದ್ದವು. ಅಮ್ಮ ಅವನ್ನು ಬರಿಗೈಯಲ್ಲಿ ಎತ್ತಿ ಬ್ಲೀಚಿಂಗ್ ನೀರಿಗೆ ಹಾಕುತ್ತಿದ್ದಳು. ಗಾಜಿನ ಆಸ್ಪತ್ರೆಯಲ್ಲಿ ಗಾಜಿಲ್ಲದ ಜಾಗ ಅದೊಂದೇ.

ಮನೆಗೆ ಬುದ್ಧಿ ಹೇಳಲು ಒಬ್ಬ ಮಾವ ಇದ್ದ. ಅಮ್ಮನ ತಮ್ಮ. ಕ್ಷೌರದಂಗಡಿ ಇಟ್ಟಿದ್ದ. "ಈ ಊರಿನ ದೊಡ್ಡ ದೊಡ್ಡ ತಲೆಗಳೆಲ್ಲ ನನ್ನ ಕೈಯಲ್ಲಿವೆ" ಅನ್ನುತ್ತಿದ್ದ. ಅದು ಸುಳ್ಳೂ ಅಲ್ಲ.

ಮೊದಲ ಸಂದರ್ಶನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಎಲ್ಲಿ ಓದಿದ್ದು?"

"ಬಸ್ ನಿಲ್ದಾಣದ ಹಿಂದೆ ಸರ್. ಟೈರ್ ಅಂಗಡಿ ಮೇಲೆ."

"ಅದು ಡ್ರೈವಿಂಗ್ ಸ್ಕೂಲ್ ಅಲ್ವೇನಮ್ಮ?"

"ಡ್ರೈವಿಂಗ್ ಸ್ಕೂಲ್ ಎರಡನೇ ಮಹಡಿ ಸರ್. ನಮ್ದು ಮೂರನೇದು."

ಡಾಕ್ಟರು ಬಿದ್ದು ಬಿದ್ದು ನಕ್ಕರು. ಹೆಂಡತಿಯನ್ನು ಒಳಗಿಂದ ಕೂಗಿ ಕರೆದು ಇನ್ನೊಮ್ಮೆ ಹೇಳಿಸಿದರು. ಆಕೆ ಕೂಡ ಡಾಕ್ಟರೇ. "ಹಾಗಾದ್ರೆ ರಿವರ್ಸ್ ಗೇರ್ ಹಾಕೋಕೆ ಬರುತ್ತಾ?" ಅಂದರು. ಮೊಂಡಿಯೂ ನಕ್ಕಳು. ಎಲ್ಲರೂ ನಗುತ್ತಿದ್ದಾರೆ, ಕೆಲಸ ಸಿಕ್ಕಿತು ಅಂದುಕೊಂಡಳು. ಬಾಗಿಲು ದಾಟಿ ರಸ್ತೆಗೆ ಬಂದ ಮೇಲೆ ತಿಳಿಯಿತು, ಅವರು ನಕ್ಕದ್ದು ಬಿಟ್ಟರೆ ಬೇರೇನೂ ಆಗಿಲ್ಲ ಅಂತ.

"ಟೈರ್ ಅಂಗಡಿ ಸುದ್ದಿ ಯಾಕೆ ತೆಗೆದೆ?" ಮಾವ ಯಾರದೋ ಗಡ್ಡಕ್ಕೆ ಸೋಪು ಹಚ್ಚುತ್ತಲೇ ಬೈದ. "ಶಾಲೆ ಹೆಸರು ಬಂದಾಗ ಒಂದ್ಸಲ ಕೆಮ್ಮಬೇಕು ಕಣೆ. ಅವರು ಅರ್ಧ ಕೇಳಿಸ್ಕೋಬೇಕು, ಅರ್ಧ ತಾವೇ ದೊಡ್ಡದಾಗಿ ಊಹೆ ಮಾಡ್ಕೋಬೇಕು."

ಎರಡನೇ ಆಸ್ಪತ್ರೆಯಲ್ಲಿ ಅವಳು ಕೆಮ್ಮಿದಳು. ಎಲ್ಲಿ ಓದಿದ್ದು ಅಂತ ಮತ್ತೆ ಕೇಳಿದರು. ಮತ್ತೆ ಕೆಮ್ಮಿದಳು. ಮೂರನೇ ಸಲಕ್ಕೆ ಅಲ್ಲಿದ್ದ ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು, "ಎಷ್ಟು ದಿನದಿಂದ ಹೀಗಿದೆ? ಸಂಜೆ ಹೊತ್ತು ಜ್ವರ ಬರುತ್ತಾ?" ಅಂದರು. ಕಫ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಕೆಲಸ ಕೊಡಲಿಲ್ಲ.

ಆಮೇಲೆ ಮೊಂಡಿ ಮಾವನ ಅಂಗಡಿ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಉಳಿದದ್ದು ಅಮ್ಮನ ಗಾಜಿನ ಆಸ್ಪತ್ರೆ. ಅಲ್ಲಿ ಸಂದರ್ಶನಕ್ಕೆ ಇಬ್ಬರು ಕೂತಿದ್ದರು. ಒಬ್ಬರು ಮೇಟ್ರನ್. ಬಾಯಿ ಬಿಗಿದ, ಇಸ್ತ್ರಿ ಮಾಡಿಟ್ಟಂಥ ಹೆಂಗಸು. ಇನ್ನೊಬ್ಬ ಸಿಬ್ಬಂದಿ ನೋಡಿಕೊಳ್ಳುವ ಅಧಿಕಾರಿ. ಕತ್ತಿಗೆ ಟೈ ಬಿಗಿದುಕೊಂಡು ಸದಾ ಅದನ್ನೇ ಸವರುತ್ತಿದ್ದುದರಿಂದ ಇಡೀ ಆಸ್ಪತ್ರೆ ಅವನನ್ನು ಟೈ ಸಾಹೇಬ ಅನ್ನುತ್ತಿತ್ತು. ಎದುರಿಗಲ್ಲ.

"ನಿಮ್ಮ ಬಗ್ಗೆ ಇಂಗ್ಲಿಷ್‌ನಲ್ಲಿ ಹೇಳಿ" ಅಂದ ಟೈ ಸಾಹೇಬ.

ಮೊಂಡಿಗೆ ಗೊತ್ತಿದ್ದ ಇಂಗ್ಲಿಷ್ ಎಲ್ಲ ರೋಗಿಗಳ ಮಂಚದ ಪಕ್ಕ ನಿಂತು ಕಲಿತದ್ದು. ಪಾಳಿ ಮುಗಿದಾಗ ಮುಂದಿನವರಿಗೆ ರೋಗಿಯ ಸ್ಥಿತಿ ಒಪ್ಪಿಸುವ ಇಂಗ್ಲಿಷ್. ಅವಳು ನೆಟ್ಟಗೆ ನಿಂತು ಅದರಲ್ಲೇ ಶುರು ಮಾಡಿದಳು. ಇಪ್ಪತ್ತೆರಡು ವರ್ಷದ ಹೆಂಗಸು. ಪೂರ್ತಿ ಎಚ್ಚರವಿದ್ದಾಳೆ. ಹೆಸರು, ಊರು, ದಿನ ನೆನಪಿದೆ. ಜ್ವರ ಇಲ್ಲ. ನಾಡಿ ಸ್ವಲ್ಪ ಜೋರು. ಬೆಳಗಿನಿಂದ ಬಾಯಿಗೆ ಏನೂ ತೆಗೆದುಕೊಂಡಿಲ್ಲ. ಮೂತ್ರ ಸಲೀಸು.

ಮೇಟ್ರನ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಮಾತ್ರ ಅಲುಗಾಡುತ್ತಿತ್ತು.

ಟೈ ಸಾಹೇಬ ನಗಲಿಲ್ಲ. ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಕೇಳಿದ. ಅಮ್ಮ ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಾಳೆ ಅಂತ ಗೊತ್ತಾದ ಕೂಡಲೇ ಅವನ ಮುಖ ಅರಳಿತು.

"ಅಯ್ಯೋ, ಮೊದಲೇ ಹೇಳಬಾರದೇನಮ್ಮ! ನೀನು ನಮ್ಮ ಮನೆಯವಳೇ ಆದೆ." ಅಲ್ಲಿವರೆಗೆ 'ನೀವು' ಅನ್ನುತ್ತಿದ್ದವನು ಒಂದೇ ಏಟಿಗೆ 'ನೀನು'ಗೆ ಇಳಿದ. "ನೋಡು, ನಮ್ಮ ರೋಗಿಗಳೆಲ್ಲ ದೊಡ್ಡ ಮನೆಯವರು. ಅವರಿಗೆ ಒಳ್ಳೆ ಕಾಲೇಜಿಂದ ಬಂದ ಕೈ ಬೇಕು. ಆದ್ರೂ ನಿನಗೆ ಅಂತ ಒಂದು ದಾರಿ ಮಾಡ್ತೀನಿ. ವಾರ್ಡ್ ಸಹಾಯಕಿ ಅಂತ ತಗೋತೀವಿ. ಮಾಡೋದು ಎಲ್ಲಾ ನರ್ಸ್ ಕೆಲಸಾನೇ."

"ಕೆಲಸ ನರ್ಸ್‌ದಾದ್ರೆ ಹೆಸರು ಯಾಕೆ ಆಯಾಂದು ಸರ್?"

"ಹೆಸರಲ್ಲೇನಿದೆ? ಕಲಿಯೋದು ಮುಖ್ಯ."

"ಹೆಸರಲ್ಲಿ ಏನೂ ಇಲ್ಲ ಅಂದ್ರೆ ನರ್ಸ್ ಅಂತಾನೇ ಬರೀರಿ ಸರ್."

ಮೇಟ್ರನ್ ಮತ್ತೆ ಕರ್ಚೀಫು ತೆಗೆದರು. ಟೈ ಸಾಹೇಬ ಟೈ ಸವರಿದ.

ಮನೆಗೆ ಬಂದು ಮೊಂಡಿ ಕೂಗಾಡಿದಳು. ಹೋಗಲ್ಲ ಅಂದಳು. ಅಮ್ಮ ಅಂಗೈ ಬಿರುಕಿಗೆ ಎಣ್ಣೆ ಒತ್ತುತ್ತಾ ಕೂತಿದ್ದಳು.

"ತಲೆ ತಗ್ಗಿಸ್ಕೊಂಡು ಮೊದಲು ಒಳಗೆ ಹೋಗೆ. ಮುಂದಿಂದು ಮುಂದೆ. ನಾನು ಇಷ್ಟು ವರ್ಷ ತಗ್ಗಿಸಿಲ್ವಾ?"

"ಅದಕ್ಕೇ ನಿಂಗೆ ಕತ್ತು ನೋವು."

ಅಮ್ಮ ಎಣ್ಣೆ ಕೈಯಲ್ಲೇ ತಲೆಗೊಂದು ಕೊಟ್ಟಳು. ಮರುದಿನ ಮೊಂಡಿ ಕೆಲಸಕ್ಕೆ ಹೋದಳು.

ಗಾಜಿನ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಬಿಳಿ ಬಟ್ಟೆ, ಆಯಾಗಳಿಗೆ ಕಂದು. ಕಂದು ಬಟ್ಟೆ ತೊಟ್ಟವರಲ್ಲಿ ಮೊಂಡಿಯೂ ಸೇರಿ ಅವಳ ಥರದವರೇ ಐದು ಜನ ಇದ್ದರು. ಎಲ್ಲರ ಹತ್ತಿರವೂ ಡಿಪ್ಲೊಮಾ, ನೋಂದಣಿ. ಒಬ್ಬಳ ಶಾಲೆ ಮರ ಕೊಯ್ಯುವ ಮಿಲ್ಲಿನ ಹಿಂದೆ. ಇನ್ನೊಬ್ಬಳದು ಮುಚ್ಚಿದ ಸಿನಿಮಾ ಟಾಕೀಸಿನಲ್ಲಿ. ಅವಳು ಮೂರು ವರ್ಷ ಬಾಲ್ಕನಿಯಲ್ಲಿ ಕೂತು ದೇಹರಚನೆ ಕಲಿತವಳು. ಐದೂ ಜನ ಡ್ರಿಪ್ ಹಾಕುತ್ತಿದ್ದರು, ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು, ಇಂಜೆಕ್ಷನ್ ಕೊಡುತ್ತಿದ್ದರು. ಅದು ಮುಗಿದ ಮೇಲೆ ನೆಲ ಒರೆಸುತ್ತಿದ್ದರು. ಕಾಲು ಬಾತು ಚಪ್ಪಲಿಗೆ ಹಿಡಿಸದಷ್ಟಾದರೂ ಕೂರುವಂತಿಲ್ಲ. ವಾರ್ಡಿನ ಕುರ್ಚಿಗಳು ಬಿಳಿ ಬಟ್ಟೆಯವರಿಗೆ. ಕಂದು ಬಟ್ಟೆಯವರು ಗೋಡೆಗೆ ಒರಗಬಹುದಿತ್ತು, ಟೈ ಸಾಹೇಬ ಬರುವವರೆಗೆ.

ಮಾಡಿದ್ದಕ್ಕೆಲ್ಲ ಸಹಿ ಹಾಕುವವಳು ಬಿಳಿ ಬಟ್ಟೆಯ ಒಬ್ಬ ಹುಡುಗಿ. ಇವಳಷ್ಟೇ ವಯಸ್ಸು. ಇವಳ ಹಾಗೇ ಮೊದಲ ಕೆಲಸ. ಎಲ್ಲರೂ ಅವಳನ್ನು ಡಿಗ್ರಿ ಅನ್ನುತ್ತಿದ್ದರು. ಅವಳಿಗೂ ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಆದರೆ ಸಹಿಯಿಂದ ಕೈ ಬಿಡುವಾದರೆ ತಾನೇ?

"ಐದು ಜನ ಮಾಡಿದ್ದಕ್ಕೆ ನಾನೊಬ್ಬಳು ಸಹಿ ಹಾಕ್ತೀನಿ" ಅಂತ ಒಂದು ದಿನ ಬೆರಳು ನೀವಿಕೊಳ್ಳುತ್ತಾ ಅಂದಳು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜೈಲಿಗೆ ಹೋಗೋಳು ನಾನು. ನಿಂಗೆ ಅವಮಾನ, ನಂಗೆ ಭಯ. ಆರಾಮಾಗಿರೋದು ಆ ಟೈ ಒಂದೇ."

ಮೂಲೆಯ ಮಂಚದಲ್ಲಿ ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಅಜ್ಜ ಇದ್ದ. ಯಾವುದೋ ದೊಡ್ಡ ಕಚೇರಿಯಲ್ಲಿ ದರ್ಬಾರು ಮಾಡಿ ನಿವೃತ್ತನಾದವನು. ಕಂದು ಬಟ್ಟೆಯವರ ಕೈಯಿಂದ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಮೊಂಡಿ ಮಾತ್ರೆಯನ್ನು ಡಿಗ್ರಿಯ ಕೈಗೆ ಕೊಡಬೇಕು, ಡಿಗ್ರಿ ಅಜ್ಜನ ಕೈಗೆ ಕೊಡಬೇಕು. ಅದೇ ಮೊಂಡಿ ಅವನ ಅಂಡು ತೊಳೆಯುವುದಕ್ಕೆ, ಇಂಜೆಕ್ಷನ್ ಚುಚ್ಚುವುದಕ್ಕೆ ಅವನ ಅಡ್ಡಿ ಏನೂ ಇರಲಿಲ್ಲ. "ಅಜ್ಜನ ಬೆನ್ನ ಕಡೆಗೆ ಮಾತ್ರ ನಾನು ನರ್ಸು" ಅಂತ ಮೊಂಡಿ ಗೆಳತಿಯರಿಗೆ ಹೇಳುತ್ತಿದ್ದಳು. "ಅಜ್ಜ ಈ ಕಡೆ ಮಗ್ಗುಲಾದ ಅಂದ್ರೆ ನಾನು ಆಯಾ." ಹೇಳಿ ನಗುತ್ತಿದ್ದಳು. ಮನೆಗೆ ಹೋಗಿ ಮಾತ್ರ ನಗುತ್ತಿರಲಿಲ್ಲ.

ಹೀಗಿರುವಾಗ ತಪಾಸಣೆಯವರು ಬರುತ್ತಾರೆ ಅನ್ನುವ ಸುದ್ದಿ ಬಂತು. ಇಷ್ಟು ಮಂಚಕ್ಕೆ ಇಷ್ಟು ನರ್ಸ್ ಇರಬೇಕು ಅಂತ ನಿಯಮ. ಎಣಿಸಿ, ಕಡಿಮೆ ಬಿದ್ದರೆ ಆಸ್ಪತ್ರೆಯ ಪರವಾನಗಿಗೇ ಕುತ್ತು. ಗಾಜಿನ ಆಸ್ಪತ್ರೆಯಲ್ಲಿ ಗಾಜು ಬೇಕಾದಷ್ಟಿತ್ತು. ನರ್ಸ್‌ಗಳು ಕಡಿಮೆ ಇದ್ದರು.

ಟೈ ಸಾಹೇಬ ಕಂದು ಬಟ್ಟೆಯ ಆ ಐವರನ್ನೂ ಒಂದು ಕೋಣೆಗೆ ಕರೆಸಿದ. ಮೇಜಿನ ಮೇಲೆ ಬಿಳಿ ಬಟ್ಟೆಯ ಗಂಟು ಇತ್ತು.

"ನಾಳೆ ಒಂದಿನ ನೀವೆಲ್ಲ ಸ್ಟಾಫ್ ನರ್ಸು. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ. ಸಂಜೆ ಬಟ್ಟೆ ವಾಪಸ್ ಕೊಟ್ಟುಬಿಡಿ. ಕಲೆ ಮಾಡಬೇಡಿ."

ಯಾರ ಅಳತೆಯೂ ಯಾರಿಗೂ ಆಗಲಿಲ್ಲ. ಮಿಲ್ಲಿನ ಹಿಂದಿನವಳಿಗೆ ಸಿಕ್ಕಿದ್ದರಲ್ಲಿ ಅವಳ ಜೊತೆ ಇನ್ನೊಬ್ಬಳು ಹಿಡಿಯುತ್ತಿದ್ದಳು. ಟಾಕೀಸಿನವಳು ಉಸಿರು ಬಿಗಿಹಿಡಿದರೆ ಮಾತ್ರ ಗುಂಡಿ ನಿಲ್ಲುತ್ತಿತ್ತು. ಬಟ್ಟೆಗಳು ಇಸ್ತ್ರಿಗೆ ನೆಲಮಾಳಿಗೆಗೆ ಹೋದವು. ಅಮ್ಮ ಒಂದನ್ನು ಮಾತ್ರ ಪಕ್ಕಕ್ಕಿಟ್ಟು, ಹೊಲಿಗೆ ಬಿಚ್ಚಿ, ಮಗಳ ಅಳತೆಗೆ ಹೊಲಿದಳು. ಬೆಳಿಗ್ಗೆ ಮೊಂಡಿ ಅದನ್ನು ತೊಟ್ಟು ನಿಂತಾಗ ಅಮ್ಮ ಸುತ್ತು ಬಂದು ನೋಡಿದಳು. ಕಾಲರು ಸರಿ ಮಾಡಿದಳು. ಸರಿಯಾಗಿಯೇ ಇತ್ತು, ಆದರೂ ಇನ್ನೊಮ್ಮೆ ಸರಿ ಮಾಡಿದಳು.

"ಸಂಜೆ ಬಿಚ್ಚಿ ಕೊಡಬೇಕಂತಮ್ಮ" ಅಂದಳು ಮೊಂಡಿ.

ಅಮ್ಮ ಒದ್ದೆ ಬೆಡ್‌ಶೀಟು ಹಿಂಡಲು ಹೋದಳು. ಅವತ್ತು ಅವಳು ಹಿಂಡಿದ್ದು ಬೆಡ್‌ಶೀಟನ್ನೋ ಟೈ ಸಾಹೇಬನ ಕತ್ತನ್ನೋ, ನೋಡಿದವರಿಗೆ ಅನುಮಾನ ಬರುವ ಹಾಗಿತ್ತು.

ತಪಾಸಣೆಗೆ ಬಂದವರಲ್ಲಿ ಹಿರಿಯರು ಮಂಡಿ ನೋವಿನ ಒಬ್ಬ ಮೇಡಂ. ಪ್ರತಿ ವಾರ್ಡಿನಲ್ಲೂ ಮೊದಲು ಕುರ್ಚಿ ಹುಡುಕಿ ಕೂರುತ್ತಿದ್ದರು, ಆಮೇಲೆ ಕೆಲಸ. ಮೊಂಡಿಯನ್ನು ನೋಡಿ, "ನೀವು ಈ ವಾರ್ಡಿನ ನರ್ಸಾ?" ಅಂದರು.

ಅವರ ಬೆನ್ನ ಹಿಂದೆ ಟೈ ಸಾಹೇಬ ಜೋರಾಗಿ ತಲೆಯಾಡಿಸಿದ.

"ಇವತ್ತು ಹೌದು ಮೇಡಂ" ಅಂದಳು ಮೊಂಡಿ.

"ಇವತ್ತು ಅಂದ್ರೆ?"

"ನಿನ್ನೆ ಆಯಾ ಇದ್ದೆ. ನಾಳೆ ಏನು ಅಂತ ಈ ಸಾರನ್ನ ಕೇಳಬೇಕು."

ಟೈ ಸಾಹೇಬ ಒಬ್ಬನೇ ದೊಡ್ಡದಾಗಿ ನಕ್ಕ. "ತಮಾಷೆ ಹುಡುಗಿ ಮೇಡಂ. ರೋಗಿಗಳನ್ನ ನಗಿಸ್ತಾನೇ ಇರ್ತಾಳೆ."

ಆಗ ಮೂಲೆಯಿಂದ ಅಜ್ಜನ ಧ್ವನಿ ಎದ್ದಿತು. "ಏಯ್ ಆಯಾ! ಬೆಡ್‌ಪ್ಯಾನ್ ತಾರೆ! ಎಷ್ಟು ಹೊತ್ತು ಕೂಗೋದು?"

"ವಯಸ್ಸಾಗಿದೆ ಮೇಡಂ" ಅಂದ ಟೈ ಸಾಹೇಬ ದನಿ ತಗ್ಗಿಸಿ. "ಅವರಿಗೆ ಸ್ವಲ್ಪ ಅರಳುಮರಳು."

ಅಜ್ಜನ ಸೊಂಟ ಮುರಿದಿತ್ತು. ಕಿವಿ ಗಟ್ಟಿಯಾಗಿತ್ತು.

"ಯಾರಿಗೋ ಅರಳುಮರಳು?" ಗುಡುಗಿದ. "ಬಂದಾಗಿಂದ ಇವಳೇ ನಂಗೆ ಸೂಜಿ ಚುಚ್ತಿರೋದು. ದಿನಾ ಕಂದು ಬಟ್ಟೆ ಹಾಕೊಂಡು ಬರ್ತಾಳೆ. ಇವತ್ತು ಬಿಳಿ ಹಾಕಿದ್ದಾಳೆ. ಯಾಕೆ, ಇಲ್ಲಿ ನಾಟಕ ಏನಾದ್ರೂ ಇದೆಯೇನು? ಇದ್ರೆ ನನಗ್ಯಾಕೆ ಯಾರೂ ಹೇಳಲಿಲ್ಲ?"

ಅಷ್ಟರಲ್ಲಿ ಟಾಕೀಸಿನವಳು ಬಿಗಿಹಿಡಿದಿದ್ದ ಉಸಿರು ತಪ್ಪಿತು. ಅವಳ ಎದೆಯ ಗುಂಡಿ ಕಿತ್ತು ಟಿಕ್ಕೆಂದು ಹಾರಿ, ಉರುಳಿಕೊಂಡು ಬಂದು ಮೇಡಂ ಕಾಲ ಬಳಿ ನಿಂತಿತು.

ಮೇಡಂ ಅದನ್ನು ನೋಡಿದರು. ಟೈ ಸಾಹೇಬನನ್ನು ನೋಡಿದರು.

"ನೋಂದಣಿ ಆಗಿದೆಯಾ ನಿಮ್ಮದು?" ಅಂತ ಮೊಂಡಿಯನ್ನು ಕೇಳಿದರು.

"ಆಗಿದೆ ಮೇಡಂ. ಐದೂ ಜನದ್ದು."

"ಮತ್ತೆ ಆಯಾ ಯಾಕೆ?"

"ಮೇಡಂ, ಅದು..." ಟೈ ಸಾಹೇಬ ನಡುವೆ ಬಾಯಿ ಹಾಕಿದ. "ನಿಮಗೇ ಗೊತ್ತಲ್ಲ. ಆ ಥರದ ಶಾಲೆಗಳು."

"ನನಗೆ ಗೊತ್ತಿರೋದು ಎಣಿಸೋದು ಒಂದೇ" ಅಂದರು ಮೇಡಂ, ಮಂಡಿ ಹಿಡಿದುಕೊಂಡು ಏಳುತ್ತಾ. "ಇವತ್ತು ಇಷ್ಟು ನರ್ಸ್ ತೋರಿಸಿದ್ದೀರಿ. ಇನ್ನೊಂದ್ಸಲ ಹೇಳದೆ ಬರ್ತೀನಿ. ಆಗಲೂ ಇಷ್ಟೇ ಇರಬೇಕು. ಒಂದು ಕಡಿಮೆ ಆದ್ರೂ ಮಾತಾಡೋದು ನಾನಲ್ಲ, ಕಾಗದ." ಅಷ್ಟು ಹೇಳಿ ಪಕ್ಕದ ವಾರ್ಡಿನ ಕುರ್ಚಿ ಹುಡುಕಿಕೊಂಡು ಹೋದರು.

ಸಂಜೆ ರೋಗಿಗಳನ್ನು ನೋಡಲು ಬಂದವರಿಂದ ಕಾರಿಡಾರು ಗಿಜಿಗುಡುತ್ತಿತ್ತು. ಟೈ ಸಾಹೇಬ ಒಂದು ದೊಡ್ಡ ಬುಟ್ಟಿ ಹಿಡಿದುಕೊಂಡು ಬಂದ. ಮುಖ ಸಿಡಿಯುತ್ತಿತ್ತು.

"ನಿನ್ನ ವಿಚಾರ ಆಮೇಲೆ ನೋಡ್ಕೋತೀನಿ. ಮೊದಲು ಎಲ್ಲರೂ ಬಟ್ಟೆ ಬಿಚ್ಚಿ ಕೊಡಿ."

ನಾಲ್ಕು ಜನ ಮೊಂಡಿಯ ಮುಖ ನೋಡಿದರು. ಅಮ್ಮನ ಕೆಲಸವೂ ಹೋಗಬಹುದು ಅನ್ನುವುದು ಅವಳ ತಲೆಯಲ್ಲಿ ಹಾದು ಹೋಯಿತು. ಆದರೆ ಬಾಯಿ ಅವಳ ಮಾತು ಕೇಳುವ ಬಾಯಿಯಲ್ಲ.

"ಬಿಚ್ಚಲ್ಲ."

"ಏನಂದೆ?"

"ಬಿಚ್ಚಲ್ಲ ಸರ್. ಸೂಜಿ ಚುಚ್ಚೋವಾಗ ನಾವು ನರ್ಸು. ಕುರ್ಚಿ ಕೇಳಿದ್ರೆ ಆಯಾ. ಎಣಿಸೋಕೆ ಬಂದ್ರೆ ನರ್ಸು. ಎಣಿಸಿ ಹೋದ್ರೆ ಆಯಾ. ನಾವೇನು ಮನುಷ್ಯರೋ ನಿಮ್ಮ ಮನೆ ಪರದೆನೋ, ನೆಂಟರು ಬಂದಾಗ ಹಾಕಿ, ಹೋದಾಗ ತೆಗೆಯೋಕೆ?"

"ಮರ್ಯಾದೆಯಾಗಿ ಹೇಳ್ತಿದೀನಿ, ಬಟ್ಟೆ ಬಿಚ್ಚು!" ಟೈ ಸಾಹೇಬ ಕಿರುಚಿದ.

ಕಾರಿಡಾರು ಗಕ್ಕನೆ ನಿಂತಿತು. ಫ್ಲಾಸ್ಕು ಹಿಡಿದುಕೊಂಡು ಹೋಗುತ್ತಿದ್ದ ಗಟ್ಟಿಗಿತ್ತಿ ಹೆಂಗಸೊಬ್ಬಳು ಹಿಂತಿರುಗಿದಳು.

"ಏನ್ರೀ ಅದು? ಇಷ್ಟು ಜನರ ಎದುರು ಹೆಣ್ಣುಮಕ್ಕಳನ್ನ ನಿಲ್ಲಿಸ್ಕೊಂಡು ಬಟ್ಟೆ ಬಿಚ್ಚು ಅಂತೀರಲ್ರೀ! ನಾಚಿಕೆ ಆಗಲ್ವಾ?"

"ಅಮ್ಮ, ಹಾಗಲ್ಲ... ಅದು ಆಸ್ಪತ್ರೆ ಬಟ್ಟೆ..."

"ಯಾರ ಬಟ್ಟೆ ಆದ್ರೇನ್ರೀ, ಮೈ ಅವರದಲ್ವಾ?"

ನಾಲ್ಕು ಕಡೆಯಿಂದ ಜನ ಕೂಡಿದರು. ಟೈ ಸಾಹೇಬ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಲಿಫ್ಟಿನ ಕಡೆ ನಡೆದ. ಲಿಫ್ಟು ಬರಲಿಲ್ಲ. ಮೆಟ್ಟಿಲು ಹಿಡಿದ.

ಐವರೂ ಬಿಳಿ ಬಟ್ಟೆಯಲ್ಲೇ ಮನೆಗೆ ಹೋದರು. ಬಿಚ್ಚಿದರೆ ಮತ್ತೆ ಸಿಗುತ್ತದೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮೊಂಡಿಗೆ "ಸಿಸ್ಟರ್, ಈ ಕಡೆ ಬನ್ನಿ" ಅಂತ ಜಾಗ ಮಾಡಿಕೊಟ್ಟ. ಮಾಡಿಕೊಟ್ಟವನು ಸುಮ್ಮನಿರದೆ ತನ್ನ ಬೆನ್ನಿನ ಕುರು ತೋರಿಸಿದ. ಅವನನ್ನು ನೋಡಿ ಮುಂದಿನ ಸೀಟಿನವರು ಕೆಮ್ಮು ಕೇಳಿಸಿದರು, ಹಿಂದಿನವರು ನಾಲಿಗೆ ಚಾಚಿದರು. ಮೊಂಡಿ ಇಳಿಯುವ ಜಾಗ ತಪ್ಪಿ ಎರಡು ನಿಲ್ದಾಣ ಮುಂದೆ ಇಳಿದು, ನಡೆದು ಬಂದಳು. ಕಾಲು ನೋಯಲಿಲ್ಲ.

ಮರುದಿನ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಕಂದು ಬಟ್ಟೆ ಹಾಕಿದ್ರೆ ಮಾತ್ರ ಒಳಗೆ ಬಿಡು ಅಂದಿದ್ದಾರಮ್ಮ."

"ಕಂದು ಬಟ್ಟೆ ಒಳಗೇ ಇದೆಯಲ್ಲಣ್ಣ, ಒಗೆಯೋಕೆ ಹಾಕಿದ್ದಾರೆ. ತರಿಸಿ."

ಟೈ ಸಾಹೇಬನೇ ನೆಲಮಾಳಿಗೆಗೆ ಇಳಿದು ಹೋಗಿ ಕೇಳಿದನಂತೆ. ಅಮ್ಮ ತಲೆ ತಗ್ಗಿಸಿಕೊಂಡೇ ತೊಟ್ಟಿ ತೋರಿಸಿದಳಂತೆ. "ಕಂದು ಬಟ್ಟೆ ಅಷ್ಟನ್ನೂ ನೆನೆಹಾಕಿಬಿಟ್ಟಿದೀನಿ ಸರ್. ಒಣಗೋಕೆ ಬಿಸಿಲು ಬೇಕು. ಬಿಸಿಲು ನನ್ನ ಕೈಲಿಲ್ಲ."

ಐವರು ಗೇಟಿನ ಹೊರಗೆ ಕಲ್ಲುಕಟ್ಟೆಯ ಮೇಲೆ ಸಾಲಾಗಿ ಕೂತರು. ಆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ಕೂತದ್ದು ಅದೇ ಮೊದಲು. ಬಂದ ರೋಗಿಗಳೆಲ್ಲ ಆಸ್ಪತ್ರೆ ಹೊರಗಡೆಗೆ ಬಂದಿದೆ ಅಂದುಕೊಂಡು ಅವರ ಮುಂದೆಯೇ ಸಾಲು ನಿಂತರು. ಕಾವಲುಗಾರ ಓಡಾಡಿ ಓಡಾಡಿ ಬೆವತುಹೋದ.

ವಾರ್ಡಿನಲ್ಲಿ ಡಿಗ್ರಿ ಒಬ್ಬಳೇ ಮೈಮುರಿದು ಕೆಲಸ ಮಾಡಿದಳು. ಯಾರಿಗೂ ಔಷಧಿ ತಪ್ಪಿಸಲಿಲ್ಲ. ಮೇಟ್ರನ್ನೂ ತೋಳು ಮೇಲಕ್ಕೆ ಮಡಚಿಕೊಂಡು ಕೆಲಸಕ್ಕೆ ನಿಂತರು. ಆದರೆ ಸುತ್ತು ಮುಗಿದ ಮೇಲೆ ಡಿಗ್ರಿ ಪೆನ್ನನ್ನು ಮೇಟ್ರನ್ ಮುಂದೆ ಇಟ್ಟಳು. "ನಾನು ಮಾಡಿದ್ದಕ್ಕೆ ಸಹಿ ಹಾಕಿದ್ದೀನಿ ಮೇಡಂ. ನಾನು ಮಾಡದೆ ಇರೋದಕ್ಕೆ ಇನ್ನು ಮೇಲೆ ಹಾಕಲ್ಲ." ಅಜ್ಜ ಬೇರೆ ಕೂಗುತ್ತಿದ್ದ, "ಆ ಹುಡುಗಿ ಎಲ್ಲಿ? ನಿಮಗೆ ಯಾರಿಗೂ ಮಗ್ಗುಲು ತಿರುಗಿಸೋಕೆ ಬರಲ್ಲ!" ಆ ಹೇಳದೆ ಬರುವ ಮೇಡಂ ಯಾವಾಗ ಬಂದುಬಿಡುತ್ತಾರೋ ಅನ್ನುವ ಹೆದರಿಕೆ ಮಾಲೀಕರಿಗೆ. ಮಧ್ಯಾಹ್ನದ ಹೊತ್ತಿಗೆ ಮೇಟ್ರನ್ ತಾವೇ ಗೇಟಿಗೆ ಬಂದರು.

"ಸ್ಟಾಫ್ ನರ್ಸ್ ಅಂತ ಬರೆಸಿದ್ದೀನಿ. ಬನ್ನಿ ಒಳಗೆ."

"ಕುರ್ಚಿ ಮೇಡಂ?" ಅಂದಳು ಮೊಂಡಿ.

ಮೇಟ್ರನ್ ಅಭ್ಯಾಸಬಲದಿಂದ ಕರ್ಚೀಫು ಹುಡುಕಿದರು. ಅವತ್ತು ಸಿಗಲಿಲ್ಲ. ಎಲ್ಲರೆದುರು ನಕ್ಕುಬಿಟ್ಟರು.

ಎಲ್ಲವೂ ನೆಟ್ಟಗಾಗಲಿಲ್ಲ. ಆದೇಶದಲ್ಲಿ ಸ್ಟಾಫ್ ನರ್ಸ್ ಅಂತ ಬರೆದು, ಪಕ್ಕದಲ್ಲಿ ಚಿಕ್ಕದಾಗಿ 'ಎರಡನೇ ದರ್ಜೆ' ಅಂತ ಸೇರಿಸಿದ್ದರು. ಕುರ್ಚಿ ಬರಲಿಲ್ಲ, ಬೆನ್ನಿಲ್ಲದ ಸ್ಟೂಲು ಬಂತು. ಅದಕ್ಕೂ ಜಗಳ ನಡೆಯುತ್ತಿತ್ತು. ಮೊಂಡಿ ಸ್ಟೂಲಿನ ಮೇಲೆ ಕೂತೇ ಜಗಳ ಮಾಡುತ್ತಿದ್ದಳು.

ಹಾಗೊಂದು ದಿನ ಜಗಳ ಮಾಡುತ್ತಿದ್ದಾಗಲೇ ಟೈ ಸಾಹೇಬ ಏದುಸಿರು ಬಿಡುತ್ತಾ ವಾರ್ಡಿಗೆ ಬಂದ. ಅವನ ಬಾಯಲ್ಲಿ ಮತ್ತೆ 'ನೀವು' ಬಂದಿತ್ತು.

"ಸಿಸ್ಟರ್, ಸ್ವಲ್ಪ ಕೆಳಗೆ ಬನ್ನಿ. ನಿಮ್ಮ ಅಮ್ಮ ಮತ್ತೆ ಆ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕೂತುಬಿಟ್ಟಿದ್ದಾರೆ. ರಬ್ಬರ್ ಕೈಗವಸು ಕೊಡೋವರೆಗೂ ಬೆಡ್‌ಶೀಟ್ ಮುಟ್ಟಲ್ವಂತೆ. ಮೇಲೆ ಹಾಸೋಕೆ ಒಂದು ಬಟ್ಟೆ ಇಲ್ಲ. ನೀವು ಓದಿದವರು, ಸ್ವಲ್ಪ ಬುದ್ಧಿ ಹೇಳಿ."

ಮೊಂಡಿ ಮೆಟ್ಟಿಲಿಳಿದಳು. ಹಿಂದೆ ಟೈ ಸಾಹೇಬ. ಕೊಳವೆಯ ಕೆಳಗೆ ಕೊಳೆ ಬಟ್ಟೆ ಎದೆಯೆತ್ತರ ಬಿದ್ದಿತ್ತು. ಒದ್ದೆ ನೆಲದ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ನಡುವೆ ಅಮ್ಮ. ಬಿರಿದ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಬಿಡಿಸಿಟ್ಟುಕೊಂಡಿದ್ದಳು. ತಲೆ ಮಾತ್ರ ತಗ್ಗಿರಲಿಲ್ಲ.

"ಹೇಳಿ ಸಿಸ್ಟರ್" ಅಂದ ಟೈ ಸಾಹೇಬ.

ಮೊಂಡಿ ಅಮ್ಮನ ಪಕ್ಕ ಹೋಗಿ, ಮೊಣಕಾಲು ಮಡಿಚಿ, ಆ ನೆಲದ ಮೇಲೆ ಕೂತಳು.

"ಏಯ್, ಏಳೇ ಮೊಂಡಿ" ಅಂದಳು ಅಮ್ಮ ಗಾಬರಿಯಿಂದ. "ಬಿಳಿ ಬಟ್ಟೆ, ಕೊಳೆ ಆಗುತ್ತೆ."

"ಆಗಲಿ ಬಿಡಮ್ಮ. ಹೇಗೂ ಇವತ್ತು ಒಗೆಯೋರು ಯಾರೂ ಇಲ್ವಲ್ಲ."